ಮೊದಲು ನೆನೆಸಿ, ಆಮೇಲೆ ಕೆರೆಯಿರಿ

ಬಂಧುಗಳೊಬ್ಬರು ಮನೆ ಬದಲಿಸುವಾಗ ತಮ್ಮ ಕಾಕಟೀಲ್ ಎಂಬ ಗಿಳಿಜಾತಿಯ ಹಕ್ಕಿಯನ್ನು ನನಗೆ ಒಪ್ಪಿಸಿ ಹೋದರು. ಹಕ್ಕಿಯ ಜೊತೆಗೆ ಅದರ ಪಂಜರವೂ ಬಂತು. ಅದಕ್ಕೆ ಮುಂಚೆ ಅವರು ಬಹಳ ದಿನ ಹಾಸಿಗೆ ಹಿಡಿದಿದ್ದರು. ಆ ದಿನಗಳಲ್ಲಿ ಹಕ್ಕಿಗೆ ಕಾಳು ನೀರಿನ ಕೊರತೆ ಆಗಿರಲಿಲ್ಲವಾದರೂ ಪಂಜರವನ್ನು ತೊಳೆಯುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ತಳದ ತಟ್ಟೆಯಲ್ಲಿ ಹಾಸಿದ್ದ ಕಾಗದ ಹಿಕ್ಕೆಯ ಪದರಗಳ ಕೆಳಗೆ ಕಾಣದಂತಾಗಿತ್ತು. ಕೂರುವ ಕೋಲಿನ ನಡುಭಾಗ ಬಿಳಿಯಾಗಿ ಗಟ್ಟಿಗಟ್ಟಿತ್ತು, ಮೂಲೆಗಳಲ್ಲಿ ಕಾಳಿನ ಸಿಪ್ಪೆ, ಉದುರಿದ ಗರಿ ಮತ್ತು ನೀರು ಚೆಲ್ಲಿ ನೆನೆದು ಒಣಗಿದ ಏನೇನೋ ಸೇರಿ ಕರಿಯ ಮುದ್ದೆಯಾಗಿತ್ತು. ಹಕ್ಕಿ ಮಾತ್ರ ಅದರ ನಡುವೆಯೇ ತಲೆಯ ಜುಟ್ಟನ್ನೆತ್ತಿ ನನ್ನನ್ನು ನೋಡುತ್ತಿತ್ತು.

ಅದನ್ನು ಆ ಸ್ಥಿತಿಯಲ್ಲಿ ಒಂದು ಗಂಟೆಯೂ ಬಿಡಬಾರದೆನ್ನಿಸಿ, ಹಕ್ಕಿಯನ್ನು ಪಕ್ಕದಲ್ಲೇ ಒಂದು ಬುಟ್ಟಿಯೊಳಗೆ ಇರಿಸಿ, ಕೈಗೆ ಸಿಕ್ಕ ಚಪ್ಪಟೆ ಕಬ್ಬಿಣದ ಪಟ್ಟಿಯಿಂದ ತಟ್ಟೆಯನ್ನು ಕೆರೆಯಲು ತೊಡಗಿದೆ. ಕಿಟಕಿಯಿಂದ ಬಿಸಿಲಿನ ಕೋಲೊಂದು ಕೋಣೆಗೆ ಇಳಿದಿತ್ತು. ಎರಡು ನಿಮಿಷವಾಗುವುದರೊಳಗೆ ಆ ಬೆಳಕಿನಲ್ಲಿ ಹೊಗೆಯಂತೆ ಧೂಳು ಸುರುಳಿ ಸುರುಳಿಯಾಗಿ ಏಳುವುದನ್ನು ಕಂಡೆ. ಕಂಡೂ ಕೆಲಸ ನಿಲ್ಲಿಸಲಿಲ್ಲ. ಮರುವಾರ ಹಕ್ಕಿಯನ್ನು ಪರೀಕ್ಷೆಗೆ ಕರೆದೊಯ್ದಾಗ ಪಶುವೈದ್ಯರು ಪಂಜರದ ಬಗ್ಗೆ ವಿಚಾರಿಸಿದರು. ನಾನು ನಡೆದದ್ದನ್ನು ಹೇಳಿದೆ. ಅವರು ಹಕ್ಕಿಯಿಂದ ಕಣ್ಣೆತ್ತಿ, "ಒಣಗಿದ್ದನ್ನು ಹಾಗೇ ಕೆರೆದಿರಾ? ಹಕ್ಕಿ ಅದೇ ಕೋಣೆಯಲ್ಲಿತ್ತೇ?" ಎಂದು ಕೇಳಿದರು. ಆಮೇಲೆ ಅವರು ವಿವರಿಸಿದ್ದನ್ನೂ, ಅನಂತರದ ವರ್ಷಗಳಲ್ಲಿ ನಾನು ಓದಿ, ಮಾಡಿ ತಿಳಿದುಕೊಂಡದ್ದನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ಅಂದು ನಾವಿಬ್ಬರೂ ತೊಂದರೆಯಿಲ್ಲದೆ ಪಾರಾದೆವು. ಹಾಗೆಂದು ನಾನು ಮಾಡಿದ್ದು ಸರಿಯಾಗುವುದಿಲ್ಲ.

ಹಿಕ್ಕೆ ಒದ್ದೆಯಾಗಿದ್ದಾಗ ಅದು ಬರೀ ಕೊಳೆ. ಒಣಗಿ ಪುಡಿಯಾದಾಗ ಗಾಳಿಯಲ್ಲಿ ತೇಲಿ ಶ್ವಾಸಕೋಶದೊಳಗೆ ಹೋಗುತ್ತದೆ. ಗಿಳಿಯ ಜಾತಿಯ ಹಕ್ಕಿಗಳಲ್ಲಿ ಕ್ಲಮೈಡಿಯಾ ಸಿಟ್ಟಾಸಿ ಎಂಬ ಬ್ಯಾಕ್ಟೀರಿಯಾ ಇರಬಹುದು. ಅದು ಹಿಕ್ಕೆಯಲ್ಲಿ ಮತ್ತು ಮೂಗಿನ ಸ್ರಾವದಲ್ಲಿ ಹೊರಬೀಳುತ್ತದೆ, ಒಣಗಿದ ಹಿಕ್ಕೆಯಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರಬಲ್ಲದು. ಹಕ್ಕಿ ನೋಡಲು ಆರೋಗ್ಯವಾಗಿಯೇ ಇದ್ದು ಆಗಾಗ ಈ ರೋಗಾಣುವನ್ನು ಹೊರಹಾಕುತ್ತಿರುವುದೂ ಉಂಟು, ಆದ್ದರಿಂದ ನಮ್ಮ ಹಕ್ಕಿ ಚೆನ್ನಾಗಿದೆ ಎಂಬ ಧೈರ್ಯದಿಂದ ಎಚ್ಚರ ತಪ್ಪುವಂತಿಲ್ಲ. ಮನುಷ್ಯರಲ್ಲಿ ಇದು ಸಿಟ್ಟಕೋಸಿಸ್, ಅಂದರೆ ಗಿಳಿಜ್ವರ ಎನ್ನಬಹುದಾದ ಕಾಯಿಲೆಯನ್ನು ತರುತ್ತದೆ. ಸಾಮಾನ್ಯವಾಗಿ ಸೋಂಕು ತಗುಲಿದ 5ರಿಂದ 14 ದಿನಗಳೊಳಗೆ ಜ್ವರ, ಚಳಿ, ತಲೆನೋವು, ಮೈಕೈನೋವು, ಒಣಕೆಮ್ಮು ಕಾಣಿಸಿಕೊಳ್ಳುತ್ತವೆ, ಕೆಲವರಲ್ಲಿ ಅದು ನ್ಯುಮೋನಿಯಾದವರೆಗೂ ಹೋಗುತ್ತದೆ. 1929-30ರಲ್ಲಿ, ದಕ್ಷಿಣ ಅಮೆರಿಕದಿಂದ ಹಡಗುಗಳಲ್ಲಿ ಸಾಗಿಸಿದ ಗಿಳಿಗಳ ಮೂಲಕ ಈ ರೋಗ ಹಲವು ದೇಶಗಳ ಮನೆಗಳನ್ನು ಹೊಕ್ಕು ಅನೇಕರನ್ನು ಬಲಿ ತೆಗೆದುಕೊಂಡಿತ್ತು. ಈಗ ಡಾಕ್ಸಿಸೈಕ್ಲಿನ್‌ನಂಥ ಔಷಧಿಗಳಿಂದ ಇದು ಗುಣವಾಗುತ್ತದೆ. ಆದರೆ ಲಕ್ಷಣಗಳು ಸಾಮಾನ್ಯ ಜ್ವರದಂತೆಯೇ ಇರುವುದರಿಂದ, ಪಂಜರ ತೊಳೆದ ಎರಡು ವಾರಗಳೊಳಗೆ ಜ್ವರ ಬಂದರೆ ಮನೆಯಲ್ಲಿ ಹಕ್ಕಿ ಸಾಕಿರುವ ಸಂಗತಿಯನ್ನು ವೈದ್ಯರಿಗೆ ನಾವೇ ಹೇಳಬೇಕು, ಹೇಳದಿದ್ದರೆ ಅವರಿಗೆ ಹೊಳೆಯುವ ಸಂಭವ ಕಡಿಮೆ.

ರೋಗಾಣುವೇ ಇಲ್ಲದಿದ್ದರೂ ಧೂಳು ಧೂಳೇ. ಹಿಕ್ಕೆಯ ಮತ್ತು ಗರಿಯ ಪುಡಿಯಲ್ಲಿರುವ ಪ್ರೋಟೀನುಗಳನ್ನು ವರ್ಷಾನುಗಟ್ಟಲೆ ಉಸಿರಾಡಿದ ಕೆಲವರ ಶ್ವಾಸಕೋಶ ಅವುಗಳ ವಿರುದ್ಧ ಕೆರಳಿ ಉರಿಯೂತಕ್ಕೆ ಒಳಗಾಗುತ್ತದೆ. ಅದು ಮುಂದುವರಿದರೆ ಶ್ವಾಸಕೋಶದಲ್ಲಿ ಮಾಯದ ಗಾಯದ ಕಲೆಗಳು ಉಳಿದುಬಿಡುತ್ತವೆ. ಕಾಕಟೀಲ್, ಕಾಕಟೂ ಮತ್ತು ಆಫ್ರಿಕದ ಬೂದುಗಿಳಿಗಳ ಮೈಯಲ್ಲಿ ಸದಾ ಪುಡಿಯಾಗಿ ಉದುರುವ ವಿಶೇಷ ಗರಿಗಳಿರುವುದರಿಂದ ಈ ಹಕ್ಕಿಗಳಿರುವ ಕೋಣೆಯಲ್ಲಿ ಎರಡು ದಿನ ಒರೆಸದಿದ್ದರೂ ಮೇಜಿನ ಮೇಲೆ ಹಿಟ್ಟು ಚೆಲ್ಲಿದಂತೆ ಕಾಣುತ್ತದೆ. ಇಂಥ ಹಕ್ಕಿ ಸಾಕಿದವರು ಮಿಕ್ಕವರಿಗಿಂತ ಹೆಚ್ಚು ಎಚ್ಚರದಿಂದಿರಬೇಕು.

ಹಕ್ಕಿಯ ಕಡೆಯಿಂದ ನೋಡಿದರೆ ಗಾಳಿಯ ವಿಷಯ ಇನ್ನೂ ನಾಜೂಕಾದದ್ದು. ನಮ್ಮ ಶ್ವಾಸಕೋಶದಂತೆ ಹಕ್ಕಿಯ ಶ್ವಾಸಕೋಶ ಹಿಗ್ಗಿ ಕುಗ್ಗುವುದಿಲ್ಲ. ಬಹುಪಾಲು ಹಕ್ಕಿಗಳಲ್ಲಿ ಒಂಬತ್ತು ಗಾಳಿಚೀಲಗಳು ತಿದಿಯಂತೆ ಕೆಲಸ ಮಾಡಿ ಶ್ವಾಸಕೋಶದ ಮೂಲಕ ಗಾಳಿಯನ್ನು ಒಂದೇ ದಿಕ್ಕಿನಲ್ಲಿ ಹರಿಸುತ್ತವೆ, ಆದ್ದರಿಂದ ಉಸಿರನ್ನು ಒಳಗೆಳೆಯುವಾಗಲೂ ಹೊರಬಿಡುವಾಗಲೂ ಹೊಸ ಗಾಳಿ ಶ್ವಾಸಕೋಶವನ್ನು ಹಾದುಹೋಗುತ್ತಲೇ ಇರುತ್ತದೆ. ಹಾರಲು ಬೇಕಾದಷ್ಟು ಆಮ್ಲಜನಕ ದಕ್ಕುವುದು ಈ ಏರ್ಪಾಟಿನಿಂದಲೇ, ಗಾಳಿಯಲ್ಲಿ ವಿಷವಿದ್ದಾಗ ಅದು ನಮಗಿಂತ ಬೇಗ ರಕ್ತಕ್ಕೆ ಸೇರುವುದೂ ಇದರಿಂದಲೇ. ಕಲ್ಲಿದ್ದಲ ಗಣಿಗಳಲ್ಲಿ ಕಾರ್ಬನ್ ಮಾನಾಕ್ಸೈಡಿನ ಸುಳಿವು ಹಿಡಿಯಲು ಕೆನರಿ ಹಕ್ಕಿಗಳನ್ನು ಒಯ್ಯುತ್ತಿದ್ದುದು ಈ ಗುಣವನ್ನು ಬಲ್ಲವರ ಉಪಾಯವಾಗಿತ್ತು. ಬ್ರಿಟನ್ನಿನ ಗಣಿಗಳಲ್ಲಿ ಆ ಹಕ್ಕಿಗಳ ಜಾಗಕ್ಕೆ ಯಂತ್ರಗಳು ಪೂರ್ತಿಯಾಗಿ ಬರತೊಡಗಿದ್ದು 1986ರಲ್ಲಿ. ಪಂಜರ ತೊಳೆಯಲೆಂದು ನಾವು ಬಳಸುವ ದ್ರವದ ಘಾಟು ನಮಗೆ ಮೂಗು ಚುರುಗುಟ್ಟಿಸುವಷ್ಟಿದ್ದರೆ, ಹಕ್ಕಿಗೆ ಅದು ಪ್ರಾಣಕ್ಕೆ ಬರುವಷ್ಟಿರಬಹುದು. ಪಂಜರ ತೊಳೆಯುವ ಪ್ರತಿ ಹಂತದಲ್ಲೂ ನಾನು ನನಗೇ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈಗ ಗಾಳಿಗೆ ಏನು ಸೇರುತ್ತಿದೆ?

ಆದ್ದರಿಂದ ಮೊದಲ ಕೆಲಸ ಹಕ್ಕಿಯನ್ನು ಬೇರೆ ಕೋಣೆಗೆ ಸಾಗಿಸುವುದು. ಸಾಗಿಸಲು ಬಳಸುವ ಚಿಕ್ಕ ಪಂಜರವೊಂದು ಸದಾ ಸಿದ್ಧವಾಗಿದ್ದರೆ ಒಳ್ಳೆಯದು, ಅದರಲ್ಲಿ ಒಂದು ಕೋಲು, ನೀರು, ಒಂದಿಷ್ಟು ಕಾಳು ಇದ್ದರೆ ಮೂರು ನಾಲ್ಕು ಗಂಟೆಗಳ ಮಟ್ಟಿಗೆ ಹಕ್ಕಿಗೆ ತೊಂದರೆಯಾಗದು. ಆ ಕೋಣೆಯ ಬಾಗಿಲು ಮುಚ್ಚಿರಬೇಕು, ನಾವು ತೊಳೆಯುವ ಕಡೆಯಿಂದ ಅತ್ತ ಗಾಳಿ ಬೀಸುವಂತಿರಬಾರದು. ಅಡುಗೆಮನೆಯಲ್ಲಿ ಮಾತ್ರ ಎಂದಿಗೂ ಇಡಬೇಡಿ, ಏಕೆಂದರೆ ಅಂಟದ ಲೇಪನವಿರುವ ಬಾಣಲೆ ಒಲೆಯ ಮೇಲೆ ಅತಿಯಾಗಿ ಕಾದರೆ ಅದರಿಂದ ಹೊಮ್ಮುವ ಹೊಗೆ ನಿಮಿಷಗಳಲ್ಲಿ ಹಕ್ಕಿಯ ಜೀವ ತೆಗೆಯಬಲ್ಲದು. ಗೂಡಿನಲ್ಲಿ ಮೊಟ್ಟೆಯೋ ಮರಿಯೋ ಇರುವಾಗ ಇಡೀ ಪಂಜರವನ್ನು ತೊಳೆಯುವ ಯೋಚನೆಯನ್ನು ಮುಂದಕ್ಕೆ ಹಾಕಿ, ತಟ್ಟೆಯ ಕಾಗದವನ್ನು ಮಾತ್ರ ಮೆಲ್ಲನೆ ಬದಲಿಸಬೇಕು.

ತೊಳೆಯುವವರ ಮೈಮೇಲೆ ರಬ್ಬರ್ ಕೈಗವಸು, ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್, ನೀರು ಸಿಡಿಯುವ ಕೆಲಸಕ್ಕೆ ಕನ್ನಡಕ ಮತ್ತು ಆ ಕೆಲಸಕ್ಕೆಂದೇ ಮೀಸಲಿಟ್ಟ ಹಳೆಯ ಬಟ್ಟೆ ಇರಲಿ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಸೂಕ್ಷ್ಮ ಧೂಳು ನಿಲ್ಲುವುದಿಲ್ಲ. ಬಸುರಿಯರು, ರೋಗನಿರೋಧಕ ಶಕ್ತಿ ಕುಂದಿರುವವರು, ಉಬ್ಬಸದಂಥ ಶ್ವಾಸಕೋಶದ ತೊಂದರೆ ಇರುವವರು ಮತ್ತು ಚಿಕ್ಕ ಮಕ್ಕಳು ಬಹಳ ದಿನದಿಂದ ತೊಳೆಯದ ಪಂಜರದ ಕೆಲಸಕ್ಕೆ ಕೈ ಹಾಕುವುದು ಬೇಡ. ಮನೆಯ ಬೇರೊಬ್ಬರು ಆ ಕೆಲಸವನ್ನು ವಹಿಸಿಕೊಳ್ಳಲಿ.

ಜಾಗ ಮನೆಯ ಹೊರಗಿದ್ದರೆ ಉತ್ತಮ. ಹೊರಗೆ ಜಾಗವಿಲ್ಲದಿದ್ದರೆ ಕಿಟಕಿ ತೆರೆದ ಸ್ನಾನದ ಕೋಣೆಯಾದೀತು, ಆದರೆ ಹಲ್ಲುಜ್ಜುವ ಬ್ರಷ್, ಟವೆಲ್ ಮುಂತಾದವುಗಳನ್ನು ಮೊದಲೇ ಅಲ್ಲಿಂದ ತೆಗೆದಿಟ್ಟು, ಕೆಲಸ ಮುಗಿದ ಮೇಲೆ ನೆಲವನ್ನೂ ಗೋಡೆಯ ಕೆಳಭಾಗವನ್ನೂ ತೊಳೆದು ಸೋಂಕುನಿವಾರಕ ಹಾಕಬೇಕು. ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾದಂಥ ಹೊಟ್ಟೆಕೆಡಿಸುವ ಬ್ಯಾಕ್ಟೀರಿಯಾಗಳೂ ಇರಬಹುದಾದ್ದರಿಂದ, ತರಕಾರಿಯನ್ನೋ ಪಾತ್ರೆಯನ್ನೋ ತೊಳೆಯುವ ತೊಟ್ಟಿಯಲ್ಲಿ ಪಂಜರದ ಯಾವ ಭಾಗವನ್ನೂ ಇಡಬಾರದು.

ಇನ್ನು ಮುಖ್ಯವಾದ ಕೆಲಸಕ್ಕೆ ಬರೋಣ. ತಟ್ಟೆಯನ್ನು ಎಳೆಯುವ ಮುಂಚೆ, ಏನನ್ನೂ ಅಲುಗಿಸುವ ಮುಂಚೆ, ನೀರು. ಸ್ಪ್ರೇ ಬಾಟಲಿಯಲ್ಲಿ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ನಾಲ್ಕೈದು ಹನಿ ಸೇರಿಸಿ, ಮಂಜಿನಂತೆ ಮೆಲ್ಲನೆ, ಮೇಲಿನಿಂದ ಕೆಳಗಿನವರೆಗೆ ಸಿಂಪಡಿಸುತ್ತ ಬನ್ನಿ. ಸೋಪು ಸೇರಿಸುವುದೇಕೆಂದರೆ ಒಣಗಿದ ಹಿಕ್ಕೆಯ ಮೇಲೆ ಬರಿಯ ನೀರು ಹನಿಹನಿಯಾಗಿ ನಿಂತು ಜಾರಿಹೋಗುತ್ತದೆ, ಸೋಪಿನ ನೀರು ಒಳಗೆ ಇಳಿಯುತ್ತದೆ. ರಭಸದ ಧಾರೆ ಬೇಡ. ಪೈಪಿನಿಂದ ಜೋರಾಗಿ ನೀರು ಹಾಯಿಸಿದರೆ ಮೊದಲ ಹೊಡೆತಕ್ಕೆ ಒಣಪುಡಿ ಹಾರುತ್ತದೆ, ಅನಂತರ ರೋಗಾಣು ತುಂಬಿದ ಸಣ್ಣ ಹನಿಗಳು ಮುಖಕ್ಕೆ ಸಿಡಿಯುತ್ತವೆ. ಒಣ ಪೊರಕೆಯೂ, ಮನೆಯಲ್ಲಿ ಬಳಸುವ ಸಾಮಾನ್ಯ ವ್ಯಾಕ್ಯೂಮ್ ಕ್ಲೀನರೂ ಇಲ್ಲಿ ಸಲ್ಲವು. ಆ ಯಂತ್ರ ದೊಡ್ಡ ಕಸವನ್ನು ಹೀರಿಕೊಂಡು ಅತಿ ಸೂಕ್ಷ್ಮವಾದ ಧೂಳನ್ನು ಹಿಂಬದಿಯಿಂದ ಮತ್ತೆ ಕೋಣೆಗೇ ಊದುತ್ತದೆ.

ಸಿಂಪಡಿಸಿದ ಮೇಲೆ ಕಾಯಬೇಕು, ನಮಗೆ ಕಷ್ಟವಾಗುವುದು ಇಲ್ಲಿಯೇ. ಹಿಕ್ಕೆಯ ಬಿಳಿಯ ಭಾಗ ಯೂರಿಕ್ ಆಮ್ಲದಿಂದಾದದ್ದು. ನಾವು ಮೂತ್ರದಲ್ಲಿ ಯೂರಿಯಾವನ್ನು ಕರಗಿಸಿ ಹೊರಹಾಕಿದರೆ, ಹಕ್ಕಿ ನೀರನ್ನು ಉಳಿಸಿಕೊಂಡು ಅದೇ ತ್ಯಾಜ್ಯವನ್ನು ಯೂರಿಕ್ ಆಮ್ಲದ ಹರಳುಗಳ ಬಿಳಿ ಮುದ್ದೆಯಾಗಿ ಹೊರಹಾಕುತ್ತದೆ. ಈ ಹರಳು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಅದಕ್ಕೇ ಅದು ಸರಳುಗಳ ಮೇಲೆ ಸುಣ್ಣದ ಗಾರೆಯಂತೆ ಕಚ್ಚಿಕೊಳ್ಳುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೊಮ್ಮೆ ಸಿಂಪಡಿಸಿ, ಇನ್ನೊಂದಷ್ಟು ಹೊತ್ತು ಬಿಡಿ. ತೀರ ದಪ್ಪಗಟ್ಟಿದ ಕಡೆ ಹಳೆಯ ಬಟ್ಟೆಯ ತುಂಡನ್ನು ಬಿಸಿನೀರಿನಲ್ಲಿ ಅದ್ದಿ ಅದರ ಮೇಲೆ ಹೊದಿಸಿ ಅರ್ಧ ಗಂಟೆ ಬಿಟ್ಟರೆ, ಅಷ್ಟು ದಿನದ ಗಟ್ಟಿ ಪದರ ಒದ್ದೆ ಮಣ್ಣಿನಂತೆ ಎದ್ದುಬರುತ್ತದೆ. ಬೇಕಿದ್ದರೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹಚ್ಚಬಹುದು, ಅದರ ಕ್ಷಾರಗುಣ ಯೂರಿಕ್ ಆಮ್ಲವನ್ನು ಸಡಿಲಿಸಲು ನೆರವಾಗುತ್ತದೆ, ಘಾಟೂ ಇರುವುದಿಲ್ಲ. ಈ ಕಾಯುವ ಕೆಲಸವನ್ನು ಪೂರ್ತಿಯಾಗಿ ಮಾಡಿದವರಿಗೆ ಕೆರೆಯುವ ಕೆಲಸ ಬಹುಮಟ್ಟಿಗೆ ಉಳಿಯುವುದೇ ಇಲ್ಲ.

ನೆನೆದ ಕಾಗದವನ್ನು ಅಂಚುಗಳಿಂದ ಒಳಮುಖವಾಗಿ ಮಡಿಸುತ್ತ ಸುರುಳಿ ಸುತ್ತಿ ನೇರವಾಗಿ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ. ಚೀಲದೊಳಗಿನ ಗಾಳಿಯನ್ನು ಹಿಂಡಿ ಹೊರಹಾಕಬೇಡಿ, ಅದರ ಜೊತೆಗೆ ಪುಡಿಯೂ ಮುಖಕ್ಕೆ ಬರುತ್ತದೆ. ಉಳಿದದ್ದನ್ನು ಪ್ಲಾಸ್ಟಿಕ್ಕಿನ ಚಪ್ಪಟೆ ಚಮಚದಿಂದಲೋ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದಲೋ ತೆಗೆಯಬಹುದು. ನಾನು ಮೊದಲ ಸಲ ಬಳಸಿದ ಕಬ್ಬಿಣದ ಪಟ್ಟಿ ಪಂಜರದ ಬಣ್ಣದ ಲೇಪನವನ್ನು ಅಲ್ಲಲ್ಲಿ ಗೀರಿತ್ತು. ಗೀರಿದ ಕಡೆಯೆಲ್ಲ ಮುಂದೆ ತುಕ್ಕು ಹಿಡಿದು, ಆ ಪಂಜರವನ್ನು ಕೊನೆಗೆ ಬದಲಿಸಬೇಕಾಯಿತು. ಕೆಲಸದ ನಡುವೆ ಎಲ್ಲಿಯಾದರೂ ಒಣ ಜಾಗ ಕಂಡರೆ ಕೈ ನಿಲ್ಲಿಸಿ ಮತ್ತೆ ನೀರು ಸಿಂಪಡಿಸಿ.

ಕಣ್ಣಿಗೆ ಕಾಣುವ ಕೊಳೆ ಹೋದ ಮೇಲೆ ಇಡೀ ಪಂಜರವನ್ನು ಬಿಡಿಭಾಗಗಳಾಗಿ ಬಿಚ್ಚಿ ಬಿಸಿನೀರು ಮತ್ತು ಸೋಪಿನಿಂದ ಉಜ್ಜಿ ತೊಳೆದು, ಸೋಪು ಹೋಗುವವರೆಗೆ ಜಾಲಾಡಬೇಕು. ಅನೇಕರು ಈ ಹಂತವನ್ನು ಹಾರಿಸಿ ನೇರವಾಗಿ ಸೋಂಕುನಿವಾರಕವನ್ನು ಸುರಿಯುತ್ತಾರೆ. ಕೊಳೆಯ ಮೇಲೆ ಬಿದ್ದ ಬ್ಲೀಚ್ ಆ ಕೊಳೆಯೊಂದಿಗೇ ವರ್ತಿಸಿ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಕೆಳಗಿನ ರೋಗಾಣುವಿಗೆ ಅದು ತಲುಪುವುದೇ ಇಲ್ಲ, ಘಾಟು ಮಾತ್ರ ಉಳಿಯುತ್ತದೆ.

ಬ್ಲೀಚ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಎಲ್ಲ ಕಡೆ ಸಿಗುವ, ಸರಿಯಾಗಿ ಬಳಸಿದರೆ ನಂಬಬಹುದಾದ, ತಪ್ಪಾಗಿ ಬಳಸಿದರೆ ಅಪಾಯ ತರುವ ದ್ರವ ಅದು. ಮನೆಬಳಕೆಯ ಬಣ್ಣರಹಿತ, ಸುವಾಸನೆ ಸೇರಿಸದ ಬ್ಲೀಚಿನಲ್ಲಿ ಸಾಮಾನ್ಯವಾಗಿ ಶೇಕಡಾ 5ರಿಂದ 6ರಷ್ಟು ಸೋಡಿಯಂ ಹೈಪೋಕ್ಲೋರೈಟ್ ಇರುತ್ತದೆ. ಅದರ ಒಂದು ಪಾಲಿಗೆ 32 ಪಾಲು ನೀರು, ಅಂದರೆ ಒಂದು ಲೀಟರ್ ನೀರಿಗೆ ಸುಮಾರು 30 ಮಿಲಿಲೀಟರ್ ಸಾಕು. ಹೆಚ್ಚು ಹಾಕಿದರೆ ಹೆಚ್ಚು ಶುಚಿಯಾಗುತ್ತದೆಂಬುದು ತಪ್ಪು ತಿಳಿವಳಿಕೆ, ಹೆಚ್ಚಾದದ್ದು ಲೋಹವನ್ನು ತಿನ್ನುತ್ತದೆ ಮತ್ತು ಗಾಳಿಗೆ ಸೇರುತ್ತದೆ. ನೀರು ತಣ್ಣಗಿರಬೇಕು, ಬಿಸಿನೀರಿನಲ್ಲಿ ಹೈಪೋಕ್ಲೋರೈಟ್ ಬೇಗ ಒಡೆದುಹೋಗುತ್ತದೆ, ಘಾಟೂ ಹೆಚ್ಚುತ್ತದೆ. ಬೆರೆಸಿದ ದ್ರಾವಣ ದಿನ ಕಳೆದಂತೆ ದುರ್ಬಲವಾಗುವುದರಿಂದ ಅಂದಿನದನ್ನು ಅಂದೇ ಬೆರೆಸಿ, ಉಳಿದದ್ದನ್ನು ಚೆಲ್ಲಿಬಿಡುವುದು ಸರಿ. ತೊಳೆದ ಪಂಜರದ ಮೇಲೆ ಈ ದ್ರಾವಣ ಹತ್ತು ನಿಮಿಷ ಒದ್ದೆಯಾಗಿಯೇ ನಿಂತಿರಬೇಕು, ನಡುವೆ ಒಣಗಿದರೆ ಮತ್ತೆ ಬಳಿಯಬೇಕು. ಅನಂತರ ಧಾರಾಳ ನೀರಿನಲ್ಲಿ, ಕೀಲು, ಸಂದು, ಬಾಗಿಲಿನ ಕೊಂಡಿ ಯಾವುದನ್ನೂ ಬಿಡದೆ ಜಾಲಾಡಬೇಕು.

ಬ್ಲೀಚಿನೊಂದಿಗೆ ಬೇರೆ ಏನನ್ನೂ ಬೆರೆಸಬಾರದು. ವಿನೆಗರ್ ಅಥವಾ ನಿಂಬೆರಸದಂಥ ಹುಳಿ ಪದಾರ್ಥ ಅದಕ್ಕೆ ಸೇರಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ, ಅಮೋನಿಯ ಇರುವ ಗಾಜು ಒರೆಸುವ ದ್ರವ ಸೇರಿದರೆ ಕ್ಲೋರಮೀನ್ ಅನಿಲಗಳು. ಇವೆರಡೂ ಮನುಷ್ಯರ ಶ್ವಾಸಕೋಶವನ್ನೇ ಸುಡಬಲ್ಲವು. ಬಹುಕಾಲ ಒದ್ದೆಯಾಗಿ ಕೊಳೆತ ಹಿಕ್ಕೆಯಿಂದಲೂ ಅಮೋನಿಯ ಹುಟ್ಟುತ್ತದೆ. ತೀರ ಕೊಳಕಾದ, ಮೂಗಿಗೆ ಖಾರವಾಗಿ ಹೊಡೆಯುವ ತಟ್ಟೆಯ ಮೇಲೆ ನೇರವಾಗಿ ಬ್ಲೀಚ್ ಹಾಕಬಾರದೆನ್ನಲು ಇದು ಎರಡನೆಯ ಕಾರಣ. ವಿನೆಗರನ್ನು ಕೆಲವರು ಬ್ಲೀಚಿನ ಬದಲಿಗೆ ಸೂಚಿಸುತ್ತಾರೆ. ನೀರಿನ ಬಟ್ಟಲಿನಲ್ಲಿ ಕಟ್ಟಿದ ಬಿಳಿಯ ಲವಣದ ಕಲೆ ತೆಗೆಯಲು ಅದು ಒಳ್ಳೆಯದೇ, ಆದರೆ ರೋಗಾಣುಗಳನ್ನು ಕೊಲ್ಲುವ ಕೆಲಸಕ್ಕೆ ಅದನ್ನು ನಂಬುವಂತಿಲ್ಲ. ನೆಲ ಒರೆಸುವ ಫಿನಾಯಿಲ್, ದೇವದಾರು ಎಣ್ಣೆಯ ವಾಸನೆಯ ದ್ರವಗಳು ಮತ್ತು ಸುವಾಸನೆಯ ಸ್ಪ್ರೇಗಳು ಪಂಜರದ ಹತ್ತಿರವೂ ಬರಬಾರದು. ಬ್ಲೀಚಿನ ಘಾಟು ತಡೆಯದವರು, ಹೈಡ್ರೋಜನ್ ಪೆರಾಕ್ಸೈಡ್ ಆಧಾರದ ಸೋಂಕುನಿವಾರಕಗಳಲ್ಲಿ ಹಕ್ಕಿಗಳಿಗೆ ಯಾವುದು ಹೊಂದುತ್ತದೆಂದು ತಮ್ಮ ಪಶುವೈದ್ಯರನ್ನು ಕೇಳಿ ಬಳಸಬಹುದು.

ಮರದ ಕೋಲುಗಳ ವಿಷಯ ಬೇರೆ. ಮರ ರಂಧ್ರಗಳಿಂದ ತುಂಬಿರುವುದರಿಂದ ಹಿಕ್ಕೆಯ ರಸವನ್ನೂ ಬ್ಲೀಚನ್ನೂ ಒಂದೇ ರೀತಿ ಹೀರಿಕೊಳ್ಳುತ್ತದೆ, ಹಕ್ಕಿ ಆಮೇಲೆ ಅದನ್ನೇ ಕಚ್ಚುತ್ತದೆ. ಮರದ ಕೋಲನ್ನು ನಾನು ಬಿಸಿನೀರಿನಲ್ಲಿ ನೆನೆಸಿ, ಒರಟು ಬ್ರಷ್‌ನಿಂದ ಉಜ್ಜಿ, ಕುದಿಯುವ ನೀರು ಹೊಯ್ದು, ಎರಡು ಮೂರು ದಿನ ಬಿಸಿಲಿನಲ್ಲಿ ಒಣಗಿಸುತ್ತೇನೆ. ಇದಕ್ಕಾಗಿಯೇ ಇನ್ನೊಂದು ಜೊತೆ ಕೋಲುಗಳನ್ನು ಇಟ್ಟುಕೊಂಡಿದ್ದೇನೆ. ಒಳಗೆ ಕಪ್ಪಾದದ್ದು, ಸೀಳಿದ್ದು, ಬೂಷ್ಟಿನ ವಾಸನೆ ಬರುವಂಥದ್ದು ಏನಿದ್ದರೂ ಎಸೆಯುವುದೇ. ಹಗ್ಗದ ಆಟಿಕೆ ಹಿಕ್ಕೆಯಲ್ಲಿ ತೊಯ್ದಿದ್ದರೆ ಅಥವಾ ಎಳೆ ಬಿಚ್ಚಿಕೊಂಡಿದ್ದರೆ ಅದನ್ನೂ ಉಳಿಸಿಕೊಳ್ಳಬಾರದು, ಬಿಚ್ಚಿದ ಎಳೆ ಕಾಲಬೆರಳಿಗೆ ಸುತ್ತಿಕೊಂಡು ರಕ್ತ ಓಡಾಡದಂತೆ ಬಿಗಿಯಬಲ್ಲದು.

ನೀರಿನ ಬಟ್ಟಲು ನೋಡಲು ಶುಚಿಯಾಗಿದ್ದರೂ ಒಳಗೋಡೆಯನ್ನು ಬೆರಳಿನಿಂದ ಸವರಿ ನೋಡಿ. ಜಾರುವ ಲೋಳೆ ತಗುಲಿದರೆ ಅದು ಬ್ಯಾಕ್ಟೀರಿಯಾಗಳು ತಾವೇ ಕಟ್ಟಿಕೊಂಡ ಪದರ, ನೀರು ಚೆಲ್ಲಿ ಹೊಸ ನೀರು ತುಂಬಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ದಿನವೂ ಸೋಪು ಹಾಕಿ ಉಜ್ಜಲೇಬೇಕು. ಎರಡು ಜೊತೆ ಬಟ್ಟಲುಗಳಿದ್ದರೆ ಒಂದು ತೊಳೆದು ಪೂರ್ತಿ ಒಣಗುತ್ತಿರುವಾಗ ಇನ್ನೊಂದು ಬಳಕೆಯಲ್ಲಿರುತ್ತದೆ.

ಪಂಜರ ಬಿಡಿಬಿಡಿಯಾಗಿ, ಬೆತ್ತಲಾಗಿ ಮುಂದಿರುವ ಹೊತ್ತು ಅದನ್ನು ಪರೀಕ್ಷಿಸಲು ಸಿಗುವ ಒಳ್ಳೆಯ ಅವಕಾಶ. ಬಣ್ಣ ಎದ್ದಿದೆಯೇ, ಬೆಸುಗೆಯ ಜಾಗದಲ್ಲಿ ತುಕ್ಕು ಇದೆಯೇ, ತಂತಿಯ ತುದಿ ಚುಚ್ಚುವಂತಿದೆಯೇ ನೋಡಿ. ಸತುವಿನ ಲೇಪನವಿರುವ ತಂತಿಯ ಪಂಜರಗಳಲ್ಲಿ ಬಿಳಿಯ ಪುಡಿಯಂಥ ಪದರವೋ ಸತುವಿನ ಸಣ್ಣ ಗಂಟುಗಳೋ ಕಂಡರೆ ಎಚ್ಚರವಹಿಸಿ. ಗಿಳಿಜಾತಿಯ ಹಕ್ಕಿಗಳು ಕೊಕ್ಕನ್ನು ಊರುಗೋಲಿನಂತೆ ಬಳಸಿ ಸರಳುಗಳ ಮೇಲೆ ಹತ್ತಿಳಿಯುವುದರಿಂದ ಆ ಸತುವು ಅವುಗಳ ಹೊಟ್ಟೆಗೆ ಸೇರಿ ವಿಷವಾಗುತ್ತದೆ. ಹೊಸ ಪಂಜರವಾದರೆ ವಿನೆಗರ್ ಮತ್ತು ಬ್ರಷ್‌ನಿಂದ ಉಜ್ಜಿ, ಚೆನ್ನಾಗಿ ತೊಳೆದರೆ ಸಡಿಲವಾದ ಸತುವು ಹೋಗುತ್ತದೆ, ಬ್ಲೀಚಿನ ಕೆಲಸ ಆ ದಿನ ಇಟ್ಟುಕೊಳ್ಳಬಾರದು. ಲೇಪನ ಸುಲಿದುಹೋಗುತ್ತಿರುವ ಹಳೆಯ ಪಂಜರವನ್ನು ಎಷ್ಟು ತೊಳೆದರೂ ಪ್ರಯೋಜನವಿಲ್ಲ.

ಸಂದುಗಳಲ್ಲಿ ಬೂದಿಯಂಥ ಪುಡಿಯೋ ಚಲಿಸುವ ಸಣ್ಣ ಚುಕ್ಕೆಗಳೋ ಕಂಡರೆ ಅವು ಕೆಂಪು ನುಸಿಗಳಿರಬಹುದು. ಇವು ಹಗಲು ಬಿರುಕುಗಳಲ್ಲಿ ಅಡಗಿದ್ದು ರಾತ್ರಿ ಹೊರಬಂದು ಹಕ್ಕಿಯ ರಕ್ತ ಹೀರುತ್ತವೆ. ಅನುಮಾನವಿದ್ದರೆ ರಾತ್ರಿ ಪಂಜರದ ಮೇಲೆ ಬಿಳಿಯ ಬಟ್ಟೆ ಹೊದಿಸಿ, ಕತ್ತಲಲ್ಲಿ ಕೆಲವು ಗಂಟೆ ಕಳೆದ ಮೇಲೆ ಟಾರ್ಚಿನ ಬೆಳಕಿನಲ್ಲಿ ಬಟ್ಟೆಯ ಒಳಮಗ್ಗುಲನ್ನು ನೋಡಬೇಕು. ರಕ್ತ ಕುಡಿದ ನುಸಿ ಕೆಂಪು ಚುಕ್ಕೆಯಾಗಿ ಕಾಣುತ್ತದೆ. ಕೀಟನಾಶಕದ ಸ್ಪ್ರೇ ಹೊಡೆದು ನೀವೇ ಚಿಕಿತ್ಸೆಗೆ ಇಳಿಯಬೇಡಿ, ಪಶುವೈದ್ಯರ ಬಳಿ ಹೋಗಿ.

ತೊಳೆದ ಪಂಜರ ಬಿಸಿಲಿನಲ್ಲಿ ಪೂರ್ತಿಯಾಗಿ ಒಣಗಬೇಕು. ಬಿಸಿಲಿನ ಅತಿನೇರಳೆ ಕಿರಣಗಳು ರೋಗಾಣುಗಳನ್ನು ತಗ್ಗಿಸುತ್ತವೆ ಎಂಬುದು ಒಂದು ಲಾಭ. ಅದಕ್ಕಿಂತ ದೊಡ್ಡ ಲಾಭವೆಂದರೆ ತೇವ ಉಳಿಯದಿದ್ದರೆ ಆಸ್ಪರ್ಜಿಲಸ್‌ನಂಥ ಬೂಷ್ಟು ಹುಟ್ಟುವುದಿಲ್ಲ. ಆ ಬೂಷ್ಟಿನ ಬೀಜಕಣಗಳು ಹಕ್ಕಿಯ ಗಾಳಿಚೀಲಗಳಲ್ಲಿ ನೆಲೆಯೂರಿದರೆ ಚಿಕಿತ್ಸೆ ಬಹಳ ಕಷ್ಟ. ಒಣಗಿದ ಮೇಲೆ ಸರಳುಗಳ ಹತ್ತಿರ ಮೂಗು ಒಯ್ದು ನೋಡುವುದು ನನ್ನ ಅಭ್ಯಾಸ. ಬ್ಲೀಚಿನ ವಾಸನೆ ಕಿಂಚಿತ್ ಇದ್ದರೂ ಮತ್ತೆ ತೊಳೆದು ಮತ್ತೆ ಒಣಗಿಸುತ್ತೇನೆ, ಹಕ್ಕಿ ಆ ರಾತ್ರಿ ಚಿಕ್ಕ ಪಂಜರದಲ್ಲೇ ಮಲಗಿದರೂ ಚಿಂತೆಯಿಲ್ಲ. ಒಳಗಿನ ಏರ್ಪಾಟನ್ನು ಮೊದಲಿದ್ದಂತೆಯೇ ಜೋಡಿಸುವುದು ಒಳ್ಳೆಯದು. ಎಲ್ಲವನ್ನೂ ಒಮ್ಮೆಲೇ ಬದಲಿಸಿದರೆ ಹಕ್ಕಿ ಬೆದರಿ ಕಾಳು ಮುಟ್ಟದೆ ಕೂರುವುದುಂಟು, ಬಿಚ್ಚುವ ಮುಂಚೆ ಒಂದು ಫೋಟೊ ತೆಗೆದಿಟ್ಟುಕೊಂಡರೆ ಜೋಡಿಸುವಾಗ ಗೊಂದಲವಾಗದು.

ಬಳಸಿದ ಬ್ರಷ್, ಬಕೆಟ್‌ಗಳನ್ನು ಅದೇ ಬ್ಲೀಚ್ ನೀರಿನಲ್ಲಿ ಅದ್ದಿ ತೊಳೆದು ಪ್ರತ್ಯೇಕವಾಗಿಡಿ. ಕೈಗವಸನ್ನು ಮೊದಲು ತೆಗೆದು ಕೈ ತೊಳೆದು, ಮಾಸ್ಕನ್ನು ಕೊನೆಯಲ್ಲಿ ಅದರ ಪಟ್ಟಿ ಹಿಡಿದು ತೆಗೆದು, ಮತ್ತೊಮ್ಮೆ ಸೋಪಿನಿಂದ ಕೈ ತೊಳೆಯಬೇಕು. ಬಟ್ಟೆಯನ್ನು ಕೊಡವದೆ ನೇರವಾಗಿ ನೀರಿಗೆ ಹಾಕಬೇಕು.

ಇಷ್ಟೆಲ್ಲ ಶ್ರಮ ಬೇಕಾಗುವುದು ಬಹಳ ದಿನ ಬಿಟ್ಟ ಪಂಜರಕ್ಕೆ ಮಾತ್ರ. ಈಗ ನಮ್ಮಲ್ಲಿ ದಿನವೂ ಕಾಗದ ಮತ್ತು ಬಟ್ಟಲು, ವಾರಕ್ಕೊಮ್ಮೆ ಸೋಪಿನ ಸ್ನಾನ, ತಿಂಗಳಿಗೊಮ್ಮೆ ಬ್ಲೀಚ್ ಎಂಬ ಕ್ರಮ ನಡೆದುಕೊಂಡು ಬಂದಿದೆ. ಹಾಸಲು ಬಿಳಿಯ ಕಾಗದವೋ ಹಳೆಯ ಸುದ್ದಿಪತ್ರಿಕೆಯೋ ಸಾಕು. ಜೋಳದ ದಿಂಡಿನ ಪುಡಿ, ಮರದ ಹೊಟ್ಟು ಮುಂತಾದವು ಕೊಳೆಯನ್ನು ಮರೆಮಾಡಿ, ತೇವ ಹಿಡಿದು ಬೂಷ್ಟಿಗೆ ಮನೆಯಾಗುತ್ತವೆ. ಕಾಗದದ ಮೇಲಾದರೆ ಹಿಕ್ಕೆಯ ಮೂರು ಭಾಗಗಳೂ, ಅಂದರೆ ಹಸಿರು ಅಥವಾ ಕಂದು ಬಣ್ಣದ ಮಲ, ಬಿಳಿಯ ಯೂರಿಕ್ ಆಮ್ಲ ಮತ್ತು ಸುತ್ತಲಿನ ತಿಳಿನೀರು, ಬೇರೆ ಬೇರೆಯಾಗಿ ಕಾಣುತ್ತವೆ. ಕಳೆದ ವರ್ಷ ಒಂದು ಬೆಳಿಗ್ಗೆ ಆ ಬಿಳಿಯ ಭಾಗ ಹಳದಿಹಸಿರಿಗೆ ತಿರುಗಿದ್ದನ್ನು ಕಾಗದದ ಮೇಲೆ ಕಂಡು, ಹಕ್ಕಿ ಎಂದಿನಂತೆ ಕಾಳು ತಿನ್ನುತ್ತಿದ್ದರೂ ಕಾಗದವನ್ನು ಮಡಿಸಿ ಡಬ್ಬಿಯೊಂದರಲ್ಲಿ ಮುಚ್ಚಿ ಪಶುವೈದ್ಯರ ಬಳಿಗೆ ಅಂದೇ ಒಯ್ದೆ. ಯಕೃತ್ತಿನ ತೊಂದರೆ ಆಗಷ್ಟೇ ಶುರುವಾಗಿತ್ತು. ಆರು ವಾರ ಔಷಧಿ ಕೊಟ್ಟೆವು. ಆ ಆರು ವಾರವೂ ದಿನಕ್ಕೆರಡು ಸಲ, ನೀರು ಸಿಂಪಡಿಸಿಯೇ, ಕಾಗದ ಬದಲಿಸಿದೆ. ಏಳನೆಯ ವಾರ ಬೆಳಿಗ್ಗೆ ಹಾಳೆ ತೆಗೆದಾಗ ಅದರ ಮೇಲಿನ ಬಿಳುಪು ಮತ್ತೆ ಬಿಳುಪಾಗಿಯೇ ಇತ್ತು.